ಹಿಂದಿರುಗಿ ನೋಡುವ ಬೋಧನೆ: ಮೈಸೂರು ಸೀಮೆಯ ಶಿಕ್ಷಕ ಶಿಕ್ಷಣ ಮತ್ತು ‘ನಲಿಕಲಿ’ ಪ್ರಯೋಗ

೧. ಪ್ರವೇಶ

ಕರ್ನಾಟಕದ ಶಿಕ್ಷಣ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಸಂಸ್ಥೆಗಳ ಮತ್ತು ಕಾಯಿದೆಗಳ ಚರಿತ್ರೆಯಾಗಿದೆ. ಯಾವ ವರ್ಷ ಯಾವ ಶಾಲೆ ತೆರೆಯಿತು, ಯಾವ ದಿವಾನರ ಕಾಲದಲ್ಲಿ ಯಾವ ಶಾಸನ ಜಾರಿಗೆ ಬಂದಿತು ಎಂಬ ವಿವರಗಳು ಅದರಲ್ಲಿ ಸಮೃದ್ಧವಾಗಿ ದೊರೆಯುತ್ತವೆ. ಆದರೆ ತರಗತಿಯ ಒಳಗೆ ನಿಂತ ಉಪಾಧ್ಯಾಯರು ತಾವು ಕಲಿಸಿದ್ದನ್ನು ಕುರಿತು ಏನು ಯೋಚಿಸಿದರು, ಹಾಗೆ ಯೋಚಿಸಲು ಅವರಿಗೆ ಬಿಡುವಿತ್ತೇ, ಯೋಚಿಸಿ ಕಂಡುಕೊಂಡದ್ದನ್ನು ಮರುದಿನದ ಪಾಠದಲ್ಲಿ ಅಳವಡಿಸಿಕೊಳ್ಳುವ ಅಧಿಕಾರವಿತ್ತೇ ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿದಿವೆ. ಇತರರ ಕಲಿಕೆಗೆ ನೆರವಾಗುವವನು ತನ್ನ ಕೆಲಸವನ್ನು ತಾನೇ ಹಿಂದಿರುಗಿ ನೋಡುವ ಕ್ರಮಕ್ಕೂ ಒಂದು ಚರಿತ್ರೆಯಿದೆ. ಮೈಸೂರು ಸೀಮೆ ಅದರ ಮುಖ್ಯ ಕ್ಷೇತ್ರಗಳಲ್ಲೊಂದು.

ಶಿಕ್ಷಕ ಶಿಕ್ಷಣದ ಇಂದಿನ ಪಠ್ಯಕ್ರಮಗಳಲ್ಲಿ ಈ ಕ್ರಮವನ್ನು ‘ಪ್ರತಿಫಲನಾತ್ಮಕ ಅಭ್ಯಾಸ’ ಎಂಬ ಪಾರಿಭಾಷಿಕ ಪದದಿಂದ ಗುರುತಿಸಲಾಗುತ್ತದೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ೧೯೧೦ರಲ್ಲಿ ಪ್ರಕಟಿಸಿದ ‘ಹೌ ವಿ ಥಿಂಕ್’ ಗ್ರಂಥದಲ್ಲಿ, ನಿಜವಾದ ಆಲೋಚನೆ ಹುಟ್ಟುವುದು ಒಂದು ತೊಡಕು ಎದುರಾದಾಗ ಎಂದು ವಾದಿಸಿದ್ದನು. ಡೊನಾಲ್ಡ್ ಶೋನ್ ೧೯೮೩ರಲ್ಲಿ ಹೊರತಂದ ‘ದ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ ಕೃತಿಯು ಇದನ್ನು ವೃತ್ತಿಗಳಿಗೆ ಅನ್ವಯಿಸಿತು. ವೃತ್ತಿನಿರತನ ಜ್ಞಾನ ಪುಸ್ತಕದಿಂದ ಕೆಲಸಕ್ಕೆ ಇಳಿದು ಬರುವುದಷ್ಟೇ ಅಲ್ಲ, ಕೆಲಸದೊಳಗಿನಿಂದಲೂ ಮೇಲೇರಿ ಬರುತ್ತದೆ ಎಂಬುದು ಶೋನನ ಪ್ರತಿಪಾದನೆ. ಕೆಲಸ ಮಾಡುತ್ತಿರುವಾಗಲೇ ನಡೆಯುವ ಆಲೋಚನೆ ಮತ್ತು ಕೆಲಸ ಮುಗಿದ ಮೇಲೆ ನಡೆಯುವ ಆಲೋಚನೆ ಎಂದು ಅವನು ಎರಡು ಬಗೆಗಳನ್ನು ಗುರುತಿಸಿದನು. ಕನ್ನಡಕ್ಕೆ ಈ ಕಲ್ಪನೆ ತೀರ ಹೊಸದಲ್ಲ. ಮುಂದೆ ನಡೆಯುತ್ತ ನಡುನಡುವೆ ತಿರುಗಿ ನೋಡುವುದನ್ನು ಸೂಚಿಸುವ ‘ಸಿಂಹಾವಲೋಕನ’ ಎಂಬ ಪದ ನಮ್ಮ ಬರವಣಿಗೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಪ್ರಸ್ತುತ ಲೇಖನದಲ್ಲಿ ‘ಅವಲೋಕನ’ ಎಂಬ ಪದವನ್ನು ಇದೇ ಅರ್ಥದಲ್ಲಿ ಬಳಸಲಾಗಿದೆ.

ಅವಲೋಕನವು ಬೋಧನೆಯನ್ನು ನಿಜವಾಗಿ ಬದಲಿಸಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಇರಬೇಕಾಗುತ್ತದೆ. ಮಗು ಕಲಿಯದಿರುವುದನ್ನು ತೊಡಕೆಂದು ಒಪ್ಪಿ ಹೇಳುವ ನಿರ್ಭೀತಿ ಒಂದು. ಆ ತೊಡಕನ್ನು ಸಹೋದ್ಯೋಗಿಗಳ ಮುಂದಿಟ್ಟು ಚರ್ಚಿಸುವ ನೆಲೆ ಎರಡನೆಯದು. ಚರ್ಚೆಯಿಂದ ತಿಳಿದುಬಂದದ್ದಕ್ಕೆ ಅನುಗುಣವಾಗಿ ಪಾಠವನ್ನೂ ಸಾಮಗ್ರಿಯನ್ನೂ ಮಾರ್ಪಡಿಸುವ ಅಧಿಕಾರ ಮೂರನೆಯದು. ಎರಡು ಶತಮಾನಗಳ ಅವಧಿಯಲ್ಲಿ ಈ ಮೂರೂ ಎಲ್ಲಿ ಕೂಡಿಬಂದವು, ಎಲ್ಲಿ ಬೇರೆಯಾದವು ಎಂಬುದರ ಪರಿಶೀಲನೆಯೇ ಮುಂದಿನ ವಿವೇಚನೆಯ ಉದ್ದೇಶ.

೨. ಕೂಲಿಮಠದ ಕಲಿಕೆ: ಬಳ್ಳಾರಿಯ ಸಾಕ್ಷ್ಯ

ಸರ್ಕಾರಿ ಶಾಲೆಗಳು ಬರುವ ಮುನ್ನ ಕನ್ನಡ ನಾಡಿನ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಕೂಲಿಮಠಗಳಲ್ಲಿ. ಈ ಶಾಲೆಗಳ ಒಳಗಿನ ಕ್ರಮವನ್ನು ತಿಳಿಸುವ ಸಮಕಾಲೀನ ಆಧಾರಗಳಲ್ಲಿ ಮುಖ್ಯವಾದುದು ಬಳ್ಳಾರಿಗೆ ಸಂಬಂಧಿಸಿದೆ. ಬಳ್ಳಾರಿಯು ಆಗ ಮೈಸೂರು ಸಂಸ್ಥಾನಕ್ಕೆ ಸೇರದೆ ಮದರಾಸು ಪ್ರಾಂತದ ಜಿಲ್ಲೆಯಾಗಿದ್ದಿತು. ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರಾಂತದಾದ್ಯಂತ ದೇಶೀಯ ಶಾಲೆಗಳ ಸ್ಥಿತಿಯನ್ನು ವಿಚಾರಿಸಲು ಆಜ್ಞಾಪಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಸಲ್ಲಿಸಿದನು. ಅದರ ಪ್ರಕಾರ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡ ಶಾಲೆಗಳು, ೨೨೬ ತೆಲುಗು ಶಾಲೆಗಳು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ ಮೊದಲಾದ ಭಾಷೆಗಳವು. ಈ ವರದಿಯನ್ನು ಧರ್ಮಪಾಲ್ ಅವರು ೧೯೮೩ರಲ್ಲಿ ‘ದ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದರು.

ಕ್ಯಾಂಬೆಲ್‌ನ ವರದಿ ಎರಡು ಕಾರಣಗಳಿಗಾಗಿ ಗಮನಾರ್ಹ. ಮೊದಲನೆಯದಾಗಿ, ಮುಂದುವರಿದ ವಿದ್ಯಾರ್ಥಿಗಳು ಹಿಂದಿರುವವರಿಗೆ ಕಲಿಸುವ ಪದ್ಧತಿಯನ್ನು ಅವನು ಮೆಚ್ಚಿಕೊಂಡಿದ್ದಾನೆ. ಹಾಗೆ ಕಲಿಸುವಾಗ ಕಲಿಸುವ ಹುಡುಗನ ತಿಳಿವಳಿಕೆಯೂ ಗಟ್ಟಿಯಾಗುತ್ತದೆ ಎಂಬುದು ಅವನ ಗಮನಕ್ಕೆ ಬಂದಿತ್ತು. ಇಂಗ್ಲೆಂಡಿನಲ್ಲಿ ಈ ಪದ್ಧತಿಯನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದೂ ಅವನು ಅಭಿಪ್ರಾಯಪಟ್ಟನು. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆ್ಯಂಡ್ರೂ ಬೆಲ್, ದೇಶೀಯ ಶಾಲೆಯ ಮಕ್ಕಳು ಮರಳ ಮೇಲೆ ಬರೆದು ಕಲಿಯುವುದನ್ನು ಕಂಡು ರೂಪಿಸಿದ ಕ್ರಮವು ೧೭೯೭ರ ಬಳಿಕ ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ ಎಂದೇ ಪ್ರಸಿದ್ಧವಾಗಿತ್ತು. ಎರಡನೆಯದಾಗಿ, ಕೂಲಿಮಠದ ದೋಷವನ್ನೂ ಕ್ಯಾಂಬೆಲ್ ಮರೆಮಾಚಲಿಲ್ಲ. ಆಡುಮಾತಿಗಿಂತ ತೀರ ಭಿನ್ನವಾದ ಕಾವ್ಯಭಾಷೆಯ ಪದ್ಯಗಳನ್ನು ಮಕ್ಕಳು ಗಿಳಿಪಾಠದಂತೆ ಒಪ್ಪಿಸುತ್ತಿದ್ದರು. ಅರ್ಥವನ್ನು ಬಿಡಿಸಿ ಹೇಳುವ ರೂಢಿ ಇರಲಿಲ್ಲ ಎಂದು ಅವನು ದಾಖಲಿಸಿದ್ದಾನೆ.

ಕಲಿತವನು ಕಲಿಯುವವನ ಪಕ್ಕದಲ್ಲಿ ಕುಳಿತು ನೆರವಾಗುವ ವ್ಯವಸ್ಥೆ ಕೂಲಿಮಠದಲ್ಲಿ ಸಹಜವಾಗಿಯೇ ಇದ್ದಿತು. ಒಂದೇ ಕೋಣೆಯಲ್ಲಿ ನಾನಾ ವಯಸ್ಸಿನ, ನಾನಾ ಮಟ್ಟದ ಮಕ್ಕಳಿರುವುದು ಅಲ್ಲಿ ಕೊರತೆಯೆನಿಸದೆ ಕಲಿಕೆಯ ಸಾಧನವಾಗಿತ್ತು. ಆದರೆ ಕಲಿಸುವ ವಿಷಯವನ್ನು ಪ್ರಶ್ನಿಸುವ, ಮಗುವಿಗೆ ಏಕೆ ಅರ್ಥವಾಗಲಿಲ್ಲವೆಂದು ವಿಚಾರಿಸುವ ಅವಲೋಕನದ ಅಂಶ ಆ ವ್ಯವಸ್ಥೆಗೆ ಸೇರಿರಲಿಲ್ಲ. ಈ ಎರಡೂ ಅಂಶಗಳು ಮೈಸೂರು ಸೀಮೆಯ ಮುಂದಿನ ಬೆಳವಣಿಗೆಯಲ್ಲಿ ಬೇರೆ ಬೇರೆ ರೂಪದಲ್ಲಿ ಮರಳಿ ಕಾಣಿಸಿಕೊಳ್ಳುತ್ತವೆ.

೩. ತರಬೇತಿ ಶಾಲೆ ಮತ್ತು ಪಾಠ ಟಿಪ್ಪಣಿ

ಮೈಸೂರು ಸಂಸ್ಥಾನದಲ್ಲಿ ಗ್ರಾಮೀಣ ಶಿಕ್ಷಣವನ್ನು ಸರ್ಕಾರದ ವ್ಯವಸ್ಥೆಯೊಳಕ್ಕೆ ತಂದ ಮುಖ್ಯ ಹೆಜ್ಜೆ ೧೮೬೮ರ ಹೋಬಳಿ ಶಾಲೆಗಳ ಯೋಜನೆ. ಶಾಸನ ಸಂಶೋಧನೆಯಿಂದ ಕನ್ನಡಿಗರಿಗೆ ಚಿರಪರಿಚಿತರಾದ ಬಿ. ಎಲ್. ರೈಸ್ ಅವರೇ ಈ ಯೋಜನೆಯ ರೂವಾರಿ. ಶಾಲೆಗಳ ತನಿಖೆಗಾಗಿ ಊರೂರು ಸಂಚರಿಸುತ್ತಿದ್ದಾಗಲೇ ಅವರಿಗೆ ಶಾಸನಗಳ ಪರಿಚಯವಾಯಿತೆಂಬುದು ಈ ಚರಿತ್ರೆಯ ಒಂದು ಸ್ವಾರಸ್ಯಕರ ಸಂಗತಿ. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂಬುದು ಯೋಜನೆಯ ಗುರಿ. ಹೊಸ ಶಾಲೆಗಳಿಗೆ ಬೇಕಾದ ಉಪಾಧ್ಯಾಯರನ್ನು ಊರಿನ ಹಳೆಯ ಮಠಗಳಿಂದಲೇ ಆರಿಸಿ, ‘ನಾರ್ಮಲ್ ಶಾಲೆ’ಗಳಲ್ಲಿ ತರಬೇತಿ ಕೊಟ್ಟು ಕಳುಹಿಸುವ ಕ್ರಮವನ್ನು ಅನುಸರಿಸಲಾಯಿತು. ಕೂಲಿಮಠದ ಅಯ್ಯಗಳು ಸರ್ಕಾರದ ಉಪಾಧ್ಯಾಯರಾದದ್ದು ಹೀಗೆ.

ಈ ಮಾರ್ಪಾಟಿನಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಅಚ್ಚಾದ ಪಠ್ಯಪುಸ್ತಕ, ಭೂಗೋಳ, ಗಣಿತಗಳ ವ್ಯವಸ್ಥಿತ ಬೋಧನೆ ಹಳ್ಳಿಗಳಿಗೆ ತಲುಪಿದವು. ಆದರೆ ಮಕ್ಕಳನ್ನು ವಯಸ್ಸು ಮತ್ತು ಮಟ್ಟಕ್ಕೆ ತಕ್ಕಂತೆ ತರಗತಿಗಳಾಗಿ ವಿಂಗಡಿಸುವ ಹೊಸ ಪದ್ಧತಿಯು, ಒಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ನೆರವೇರಿಸಲಾಗದ ನಿರೀಕ್ಷೆಯೊಂದನ್ನು ಹುಟ್ಟುಹಾಕಿತು. ನಾಲ್ಕು ತರಗತಿಗಳಿಗೆ ನಾಲ್ಕು ಪುಸ್ತಕಗಳನ್ನು ಒಬ್ಬರೇ ಏಕಕಾಲದಲ್ಲಿ ಕಲಿಸಬೇಕಾಯಿತು. ಅಲ್ಲದೆ ಉಪಾಧ್ಯಾಯರ ಕೆಲಸವನ್ನು ಅಳೆಯುವ ಅಧಿಕಾರ ಊರಿನಿಂದ ಇನ್‌ಸ್ಪೆಕ್ಟರರ ಕೈಗೆ ಹೋಯಿತು. ೧೯೧೩ರಲ್ಲಿ ಸಂಸ್ಥಾನವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ದಿಸೆಯಲ್ಲಿ ಶಾಸನವನ್ನು ತಂದ ಮೇಲೆ ಶಾಲೆಗಳೂ ಉಪಾಧ್ಯಾಯರೂ ಹೆಚ್ಚಿದಂತೆ ಈ ಮೇಲ್ವಿಚಾರಣೆಯ ಜಾಲವೂ ವಿಸ್ತರಿಸಿತು.

ತರಬೇತಿಯ ಒಳಗೂ ಅವಲೋಕನಕ್ಕೆ ಒಂದು ಸ್ಥಾನವನ್ನು ಕಲ್ಪಿಸಲಾಗಿತ್ತು. ಪಾಠ ಟಿಪ್ಪಣಿ, ಅಭ್ಯಾಸ ಪಾಠ, ಸಹಪಾಠಿಗಳೂ ಅಧ್ಯಾಪಕರೂ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ ಗುಣದೋಷಗಳನ್ನು ಹೇಳುವ ವಿಮರ್ಶಾ ಪಾಠ ಇವು ಶಿಕ್ಷಕ ತರಬೇತಿಯಲ್ಲಿ ಬಹುಕಾಲ ಬಳಕೆಯಲ್ಲಿರುವ ಕ್ರಮಗಳು. ಜರ್ಮನಿಯ ಹರ್ಬರ್ಟನ ಅನುಯಾಯಿಗಳು ರೂಪಿಸಿದ ಐದು ಸೋಪಾನಗಳ ಚೌಕಟ್ಟಿನಲ್ಲಿ ಪಾಠ ಟಿಪ್ಪಣಿಯನ್ನು ಬರೆಯುವ ರೂಢಿ ಭಾರತದ ಶಿಕ್ಷಕ ತರಬೇತಿಯಲ್ಲಿ ದೀರ್ಘಕಾಲ ನಿಂತಿತು. ತತ್ತ್ವದಲ್ಲಿ ಇವೆಲ್ಲವೂ ಹಿಂದಿರುಗಿ ನೋಡುವ ಸಾಧನಗಳೇ. ಆಚರಣೆಯಲ್ಲಿ ಮಾತ್ರ ಪಾಠ ಟಿಪ್ಪಣಿ ಮೇಲಧಿಕಾರಿಯ ಸಹಿಗಾಗಿ ಬರೆಯುವ ದಾಖಲೆಯಾಯಿತು. ವಿಮರ್ಶಾ ಪಾಠ ಅಂಕಗಳಿಗಾಗಿ ನಡೆಯುವ ಪ್ರದರ್ಶನವಾಯಿತು. ತನ್ನ ಪಾಠ ಮಗುವನ್ನು ತಲುಪಲಿಲ್ಲವೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆಯುವುದು ಉಪಾಧ್ಯಾಯರಿಗೆ ತಮ್ಮ ವಿರುದ್ಧ ತಾವೇ ಸಾಕ್ಷಿ ನುಡಿದಂತೆ. ಇಂತಹ ಸಂದರ್ಭದಲ್ಲಿ ಬರವಣಿಗೆ ಬೆಳೆಯುತ್ತದೆ, ಅವಲೋಕನ ಬೆಳೆಯುವುದಿಲ್ಲ.

ಸ್ವಾತಂತ್ರ್ಯಾನಂತರ ಮೈಸೂರು ನಗರ ಶಿಕ್ಷಕ ಶಿಕ್ಷಣದ ದೊಡ್ಡ ಕೇಂದ್ರವಾಗಿ ಬೆಳೆಯಿತು. ೧೯೬೧ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಅಜ್ಮೀರ, ಭೋಪಾಲ, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಮೈಸೂರಿನ ಕಾಲೇಜು ೧೯೬೩ರಲ್ಲಿ ಆರಂಭವಾಯಿತು. ಇಂದು ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಂಬ ಹೆಸರನ್ನು ಪಡೆದಿದೆ. ವಿಷಯಜ್ಞಾನ ಮತ್ತು ಬೋಧನಶಾಸ್ತ್ರಗಳನ್ನು ಒಟ್ಟಿಗೆ ಹೆಣೆದ ನಾಲ್ಕು ವರ್ಷಗಳ ಸಂಯೋಜಿತ ಪದವಿ ಹಾಗೂ ಆವರಣದಲ್ಲಿಯೇ ಇರುವ ಪ್ರಾತ್ಯಕ್ಷಿಕೆ ಶಾಲೆ ಅದರ ವಿಶೇಷಗಳು. ಅದೇ ೧೯೬೦ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಅಣುಬೋಧನೆ ಮುಂದೆ ಭಾರತದ ಕಾಲೇಜುಗಳಿಗೂ ಬಂದಿತು. ಕೆಲವೇ ನಿಮಿಷಗಳ ಪಾಠ, ಹಿಮ್ಮಾಹಿತಿ, ತಿದ್ದಿದ ಯೋಜನೆ, ಮತ್ತೊಮ್ಮೆ ಪಾಠ ಎಂಬ ಅದರ ಆವರ್ತನದಲ್ಲಿ ಅವಲೋಕನಕ್ಕೆ ಸ್ಪಷ್ಟವಾದ ಸ್ಥಾನವಿದೆ. ಆದರೆ ಅಲ್ಲಿ ವಿದ್ಯಾರ್ಥಿಗಳ ಪಾತ್ರವನ್ನು ಸಾಮಾನ್ಯವಾಗಿ ಸಹ ಪ್ರಶಿಕ್ಷಣಾರ್ಥಿಗಳೇ ವಹಿಸುವುದರಿಂದ, ನಿಜವಾಗಿ ಕಲಿಯಲು ಕಷ್ಟಪಡುವ ಮಗು ಆ ಆವರ್ತನದ ಹೊರಗೇ ಉಳಿಯಿತು.

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು. ಮೈಸೂರಿನ ಸಂಸ್ಥೆ ವಸಂತಮಹಲಿನಲ್ಲಿ ನೆಲೆಗೊಂಡಿತು. ತರಬೇತಿಯು ಸೇವಾಪೂರ್ವ ಹಂತದಲ್ಲಿಯೇ ಮುಗಿಯದೆ ಸೇವಾವಧಿಯುದ್ದಕ್ಕೂ ಮುಂದುವರಿಯಬೇಕೆಂಬ ಆಶಯ ಇದರಿಂದ ಸಾಂಸ್ಥಿಕ ರೂಪ ಪಡೆಯಿತು. ಇಷ್ಟಾದರೂ ಮೂರನೆಯ ಸಂಗತಿ, ಅಂದರೆ ಕಲಿಸುವ ಸಾಮಗ್ರಿಯನ್ನು ಮಾರ್ಪಡಿಸುವ ಅಧಿಕಾರ, ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಇನ್ನೂ ದೊರೆತಿರಲಿಲ್ಲ. ಅದು ದೊರೆತದ್ದು ಮೈಸೂರು ಜಿಲ್ಲೆಯ ಕಾಡಂಚಿನ ತಾಲ್ಲೂಕೊಂದರಲ್ಲಿ.

೪. ಹೆಗ್ಗಡದೇವನಕೋಟೆಯ ಪ್ರಯೋಗ

ಇಂದಿನ ಸರಗೂರು ತಾಲ್ಲೂಕನ್ನೂ ಒಳಗೊಂಡಿದ್ದ ಅಂದಿನ ಹೆಗ್ಗಡದೇವನಕೋಟೆಯು ನಾಗರಹೊಳೆ ಮತ್ತು ಬಂಡೀಪುರ ಅರಣ್ಯಗಳಿಗೆ ಹೊಂದಿಕೊಂಡಿರುವ ತಾಲ್ಲೂಕು. ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಹಾಡಿಗಳು, ಕಬಿನಿ ಜಲಾಶಯ ಹಾಗೂ ಅರಣ್ಯ ಸಂರಕ್ಷಣೆಯ ಕಾರಣ ನೆಲೆ ತಪ್ಪಿದ ಕುಟುಂಬಗಳು, ಚದರಿದ ಸಣ್ಣ ಹಳ್ಳಿಗಳು ಇಲ್ಲಿನ ವೈಶಿಷ್ಟ್ಯ. ಒಬ್ಬರು ಅಥವಾ ಇಬ್ಬರು ಶಿಕ್ಷಕರಿರುವ ಶಾಲೆಗಳೇ ಇಲ್ಲಿ ಸಾಮಾನ್ಯವಾಗಿದ್ದವು. ಸುಗ್ಗಿಯ ಕಾಲದಲ್ಲಿ, ಕಾಡಿನ ಕಿರು ಉತ್ಪನ್ನಗಳನ್ನು ಸಂಗ್ರಹಿಸುವ ದಿನಗಳಲ್ಲಿ, ತಂದೆತಾಯಿಗಳು ಕೂಲಿಗಾಗಿ ವಲಸೆ ಹೋದಾಗ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಮರಳಿ ಬಂದ ಮಗುವಿಗೆ ಪಠ್ಯಪುಸ್ತಕ ಎಷ್ಟೋ ಪಾಠ ಮುಂದೆ ಹೋಗಿರುತ್ತಿತ್ತು. ಹೀಗೆ ಹಿಂದುಳಿದ ಮಗು ಕ್ರಮೇಣ ಶಾಲೆಯನ್ನೇ ತೊರೆಯುತ್ತಿತ್ತು.

ಈ ಹಿನ್ನೆಲೆಯಲ್ಲಿ ಯುನಿಸೆಫ್ ನೆರವಿನೊಂದಿಗೆ ೧೯೯೫ರಲ್ಲಿ ಆರಂಭವಾದದ್ದು ‘ನಲಿಕಲಿ’. ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರ ತಂಡವು ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದ ಋಷಿವ್ಯಾಲಿಗೆ ಭೇಟಿ ನೀಡಿತು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿಗಳು ಸುತ್ತಮುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡು ಆಧಾರಿತ ಬಹುಮಟ್ಟದ ಕಲಿಕಾ ಕ್ರಮವೊಂದನ್ನು ರೂಪಿಸಿದ್ದರು. ಶಿಕ್ಷಕರು ಅದನ್ನು ಕಂಡು, ತಮ್ಮ ಶಾಲೆಯ ಸ್ಥಿತಿಯೊಡನೆ ಹೋಲಿಸಿ ನೋಡಿದರು. ಅಲ್ಲಿದ್ದುದು ತೆಲುಗು ಸಾಮಗ್ರಿ. ಅದನ್ನು ಯಥಾವತ್ತಾಗಿ ತರುವಂತಿರಲಿಲ್ಲ. ಭಾಷೆಯ ಈ ಅಂತರವೇ ಒಂದು ಅನುಕೂಲವಾಗಿ ಪರಿಣಮಿಸಿತು. ಏಕೆಂದರೆ ಕನ್ನಡದ ಕಾರ್ಡುಗಳನ್ನು ಶಿಕ್ಷಕರು ತಾವೇ ಬರೆಯಬೇಕಾಯಿತು.

ನಲಿಕಲಿಯ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ವಿವರಿಸಬಹುದು. ವರ್ಷದ ಪಠ್ಯವನ್ನು ಸಣ್ಣ ಸಣ್ಣ ಸಾಮರ್ಥ್ಯಗಳಾಗಿ ಒಡೆದು, ಅವುಗಳನ್ನು ಮೈಲಿಗಲ್ಲುಗಳಾಗಿ ಜೋಡಿಸಲಾಗುತ್ತದೆ. ೧೯೯೧ರಲ್ಲಿ ರಾಷ್ಟ್ರಮಟ್ಟದಲ್ಲಿ ಪ್ರಕಟವಾಗಿದ್ದ ಕನಿಷ್ಠ ಕಲಿಕಾ ಮಟ್ಟಗಳು ಇದಕ್ಕೆ ಆಧಾರವಾದವು. ಮೈಲಿಗಲ್ಲುಗಳ ಸಾಲೇ ‘ಕಲಿಕಾ ಏಣಿ’. ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಚಟುವಟಿಕೆ, ಒಂದು ಕಾರ್ಡು, ಅದನ್ನು ಮಗು ತಾನೇ ಗುರುತಿಸಿ ಎತ್ತಿಕೊಳ್ಳಲು ಒಂದು ಚಿತ್ರಸಂಕೇತ. ಮಕ್ಕಳು ತರಗತಿಗೆ ಅನುಗುಣವಾಗಿ ಕುಳಿತುಕೊಳ್ಳದೆ ಕಲಿಕೆಯ ಹಂತಕ್ಕೆ ಅನುಗುಣವಾಗಿ ‘ತಟ್ಟೆ’ಗಳೆಂದು ಕರೆಯುವ ಗುಂಪುಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ. ಕೆಲವು ಗುಂಪುಗಳಿಗೆ ಸಹಪಾಠಿಗಳ ಬೆಂಬಲ, ಕೊನೆಯದಾಗಿ ಸ್ವಕಲಿಕೆಯ ಗುಂಪು. ಮಗು ಗೈರುಹಾಜರಾಗಿ ಮರಳಿ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅದರ ಹೆಸರಿನ ಮುಂದಿನ ‘ಪ್ರಗತಿನೋಟ’ ಆ ಮೆಟ್ಟಿಲನ್ನು ತೋರಿಸುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಸಿಗುವಂತೆ ಕಪ್ಪುಹಲಗೆ, ಮೇಲೆ ಮಕ್ಕಳ ಚಿತ್ರಗಳನ್ನು ತೂಗುಹಾಕುವ ಚಪ್ಪರ ಇವು ಕೋಣೆಯ ಚಹರೆಯನ್ನೇ ಬದಲಿಸಿದವು.

ಅವಲೋಕನವು ಸಾಮಗ್ರಿಯಾಗಿ ಮಾರ್ಪಟ್ಟದ್ದಕ್ಕೆ ಅಕ್ಷರ ಕಲಿಕೆಯ ಕ್ರಮ ಒಳ್ಳೆಯ ನಿದರ್ಶನ. ಸಾಂಪ್ರದಾಯಿಕ ಕ್ರಮದಲ್ಲಿ ಮಗು ಅಕಾರದಿಂದ ಮೊದಲುಗೊಂಡು ವರ್ಣಮಾಲೆಯ ೪೯ ಅಕ್ಷರಗಳನ್ನು ಬರೆದು ಮುಗಿಸಿದ ಮೇಲೆ ಕಾಗುಣಿತಕ್ಕೆ, ಅನಂತರ ಪದಗಳಿಗೆ ಬರುತ್ತದೆ. ‘ಋ’, ‘ಙ’, ‘ಞ’ಗಳಂತಹ, ನಿತ್ಯದ ಮಾತಿನಲ್ಲಿ ವಿರಳವಾದ ಅಕ್ಷರಗಳನ್ನು ದಾಟದೆ ಮೊದಲ ಪದ ಓದಲು ಸಿಗುವುದಿಲ್ಲ. ನಲಿಕಲಿಯಲ್ಲಿ ಮೊದಲ ಗುಂಪು ‘ರ, ಗ, ಸ, ದ, ಅ’. ಅನಂತರದ್ದು ‘ಜ, ವ, ಮ, ಬ, ನ’. ಬರೆಯಲು ಸುಲಭವಾದ, ಪದಗಳಲ್ಲಿ ಹೆಚ್ಚಾಗಿ ಬರುವ ಅಕ್ಷರಗಳಿವು. ಮೊದಲ ಐದನ್ನು ಕಲಿತೊಡನೆಯೇ ಮಗು ಸರ, ದರ, ಅರಸ, ಅಗಸ, ಗರಗಸ ಮುಂತಾದ ಪದಗಳನ್ನು ಓದಬಲ್ಲದು. ಗುಣಿತಾಕ್ಷರದ ಅಗತ್ಯವಿಲ್ಲ, ಒತ್ತಕ್ಷರದ ಅಗತ್ಯವಿಲ್ಲ. ಓದು ಎಂದರೆ ಅರ್ಥವುಳ್ಳ ಪದವನ್ನು ಗುರುತಿಸುವುದು ಎಂಬ ಅನುಭವ ಮೊದಲ ವಾರಗಳಲ್ಲಿಯೇ ದೊರೆಯುತ್ತದೆ. ಕ್ಯಾಂಬೆಲ್ ಗುರುತಿಸಿದ್ದ ಗಿಳಿಪಾಠದ ದೋಷಕ್ಕೆ ತರಗತಿಯ ಒಳಗಿನಿಂದ ಹುಟ್ಟಿದ ಉತ್ತರವಿದು ಎನ್ನಬಹುದು.

ಕಾರ್ಡುಗಳನ್ನು ಬರೆದ ಶಿಕ್ಷಕರೇ ಅವನ್ನು ತಮ್ಮ ಶಾಲೆಗಳಲ್ಲಿ ಬಳಸಿದರು. ಬಳಸಿದಾಗ ಕಂಡ ತೊಡಕುಗಳನ್ನು ಒಟ್ಟಿಗೆ ಕುಳಿತು ಚರ್ಚಿಸಿ ತಿದ್ದಿದರು. ಸ್ಥಳೀಯ ಹಾಡು, ಒಗಟು, ಆಟಗಳು ಕಾರ್ಡುಗಳೊಳಗೆ ಬಂದವು. ಲೇಖನದ ಆರಂಭದಲ್ಲಿ ಹೇಳಿದ ಮೂರೂ ಸಂಗತಿಗಳು ಇಲ್ಲಿ ಒಂದೆಡೆ ಕೂಡಿದುವೆಂಬುದೇ ಈ ಪ್ರಯೋಗದ ಚಾರಿತ್ರಿಕ ಮಹತ್ತ್ವ. ಕಾರ್ಡು ವಿಫಲವಾದರೆ ಅದು ಶಿಕ್ಷಕರ ಅಪರಾಧವೆನಿಸಲಿಲ್ಲ, ಕಾರ್ಡಿನ ದೋಷವೆನಿಸಿತು. ಆದ್ದರಿಂದ ಅದನ್ನು ಹೇಳಿಕೊಳ್ಳಲು ಭಯವಿರಲಿಲ್ಲ. ಹೇಳಿಕೊಂಡದ್ದನ್ನು ಕೇಳಲು ಅದೇ ಕೆಲಸದಲ್ಲಿ ತೊಡಗಿದ ಇತರರಿದ್ದರು. ಕೇಳಿದ ಮೇಲೆ ತಿದ್ದುವ ಲೇಖನಿ ಅವರ ಕೈಯಲ್ಲಿಯೇ ಇದ್ದಿತು. ಆಡಳಿತದ ಬೆಂಬಲವಿಲ್ಲದೆ ಇದು ನಡೆಯುವಂತಿರಲಿಲ್ಲವೆಂಬುದೂ ನಿಜ. ಮುಂದೆ ಶಿಕ್ಷಣದ ಹಕ್ಕು ಕಾಯಿದೆಯ ರಚನೆಯಲ್ಲಿ ಪಾಲ್ಗೊಂಡ ಐ.ಎ.ಎಸ್. ಅಧಿಕಾರಿ ಅನಿತಾ ಕೌಲ್ ಅವರ ಹೆಸರು ನಲಿಕಲಿಯ ಬೆಳವಣಿಗೆಯೊಡನೆ ನಿಕಟವಾಗಿ ಸೇರಿಕೊಂಡಿದೆ.

೫. ವಿಸ್ತರಣೆ ಮತ್ತು ಅದರ ಬೆಲೆ

ನಲಿಕಲಿಯು ಹೆಗ್ಗಡದೇವನಕೋಟೆಯಿಂದ ಹೊರಗೆ ಹರಡಿದ್ದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ. ಇದೇ ಕಾರ್ಯಕ್ರಮವು ಹತ್ತಾರು ಶಾಲೆಗಳಿಗೊಂದರಂತೆ ಸಮೂಹ ಸಂಪನ್ಮೂಲ ಕೇಂದ್ರಗಳನ್ನು ಸ್ಥಾಪಿಸಿ, ಶಿಕ್ಷಕರು ತಿಂಗಳಿಗೊಮ್ಮೆ ಸೇರುವ ಸಮಾಲೋಚನಾ ಸಭೆಗಳಿಗೆ ಅವಕಾಶ ಕಲ್ಪಿಸಿತು. ೨೦೦೯-೧೦ನೆಯ ಸಾಲಿನಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ನಲಿಕಲಿಯನ್ನು ಅನ್ವಯಿಸಲಾಯಿತು. ಅನಂತರ ಮೂರನೆಯ ತರಗತಿಯೂ ಸೇರಿತು. ಋಷಿವ್ಯಾಲಿಯ ಮಾದರಿಯಿಂದಲೇ ಪ್ರೇರಿತವಾದ ತಮಿಳುನಾಡಿನ ಚಟುವಟಿಕೆ ಆಧಾರಿತ ಕಲಿಕೆಯೂ ಇದೇ ಹಾದಿಯಲ್ಲಿ ಸಾಗಿತು. ಅದು ೨೦೦೩ರಲ್ಲಿ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಆರಂಭವಾಗಿ, ಅದೇ ದಶಕದ ಕೊನೆಯ ಹೊತ್ತಿಗೆ ಇಡೀ ರಾಜ್ಯಕ್ಕೆ ಹಬ್ಬಿತು.

ಸಾವಿರಾರು ಶಾಲೆಗಳಿಗೆ ಕಾರ್ಡುಗಳನ್ನು ಒದಗಿಸಬೇಕಾದಾಗ ಅವುಗಳನ್ನು ಒಂದೆಡೆ ಮುದ್ರಿಸಿ ಹಂಚುವುದು ಅನಿವಾರ್ಯವಾಗುತ್ತದೆ. ತರಬೇತಿಯೂ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ ಹಂತಹಂತವಾಗಿ ಇಳಿಯುತ್ತದೆ. ಹೆಗ್ಗಡದೇವನಕೋಟೆಯ ಶಿಕ್ಷಕರ ಅವಲೋಕನದ ಫಲ ಎಲ್ಲೆಡೆಗೂ ತಲುಪಿತು. ಆ ಫಲವನ್ನು ಕೊಟ್ಟ ಪ್ರಕ್ರಿಯೆ ಮಾತ್ರ ಅದರೊಡನೆ ಪ್ರಯಾಣ ಮಾಡಲಿಲ್ಲ. ಮೊದಲ ತಂಡಕ್ಕೆ ಕಾರ್ಡು ತಿದ್ದಬಹುದಾದ ಕರಡಾಗಿತ್ತು. ಅನಂತರ ಬಂದವರಿಗೆ ಅದು ಅನುಸರಿಸಬೇಕಾದ ಆದೇಶವಾಯಿತು. ಏಣಿಯ ಮೆಟ್ಟಿಲುಗಳ ದಾಖಲೆ ಮಗುವಿನ ಕಲಿಕೆಯನ್ನು ಶಿಕ್ಷಕರಿಗೆ ತೋರಿಸುವ ಸಾಧನವಾಗಿದ್ದುದು, ಮೇಲ್ವಿಚಾರಕರಿಗೆ ತೋರಿಸಬೇಕಾದ ದಾಖಲೆಯಾಗಿ ಪರಿಣಮಿಸಿತು. ಶತಮಾನದ ಹಿಂದೆ ಪಾಠ ಟಿಪ್ಪಣಿಗೆ ಒದಗಿದ ಗತಿಯೇ ಪ್ರಗತಿನೋಟಕ್ಕೂ ಒದಗುವ ಸಂಭವ ಹೀಗೆ ಉಂಟಾಯಿತು.

ನಲಿಕಲಿಯ ಬಗೆಗೆ ಕೇಳಿಬಂದ ಆಕ್ಷೇಪಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಪಠ್ಯಪುಸ್ತಕವಿಲ್ಲದೆ ಮಗು ಏನು ಕಲಿಯುತ್ತದೆಂಬ ಪಾಲಕರ ಸಂದೇಹ, ಹೆಚ್ಚು ಮಕ್ಕಳಿರುವಲ್ಲಿ ಪ್ರತಿಯೊಬ್ಬರ ಹಂತವನ್ನೂ ಗಮನಿಸಲಾಗದೆಂಬ ಶಿಕ್ಷಕರ ಅಳಲು, ಹರಿದುಹೋದ ಕಾರ್ಡುಗಳು ಸಕಾಲದಲ್ಲಿ ಮರುಪೂರಣವಾಗದೆಂಬ ದೂರು ಇವು ಸಾಮಾನ್ಯ. ಮೂರು ತರಗತಿಗಳನ್ನು ಒಂದು ಕೋಣೆಯಲ್ಲಿ ಕೂಡಿಸುವುದು ಬೋಧನಕ್ರಮಕ್ಕಿಂತ ಶಿಕ್ಷಕರ ಕೊರತೆಯನ್ನು ಮುಚ್ಚುವ ಉಪಾಯವೆಂಬ ಟೀಕೆಯೂ ಇದೆ. ಇವು ಅಲಕ್ಷಿಸುವಂತಹವಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ನಲಿಕಲಿಯ ತತ್ತ್ವಕ್ಕಿಂತ, ಅದನ್ನು ಸಿದ್ಧವಸ್ತುವಾಗಿ ಸ್ವೀಕರಿಸಿದ ಕ್ರಮಕ್ಕೆ ಸಂಬಂಧಿಸಿವೆ. ಕಾರ್ಡನ್ನು ತಾವೇ ಬರೆಯಬಲ್ಲ ಶಿಕ್ಷಕರಿಗೆ ಹರಿದ ಕಾರ್ಡು ಒಂದು ಸಂಜೆಯ ಕೆಲಸ. ಬರೆಯುವ ಅಧಿಕಾರವಿಲ್ಲದವರಿಗೆ ಅದೇ ಪಾಠ ನಿಲ್ಲಲು ಕಾರಣ.

೬. ನಗರದ ತರಗತಿ: ರಾಜೀವನಗರದ ನೆಲೆಯಿಂದ

ಒಂದು ನೆಲದಲ್ಲಿ ಹುಟ್ಟಿದ ಕ್ರಮವನ್ನು ಇನ್ನೊಂದು ನೆಲಕ್ಕೆ ಒಯ್ದಾಗ ಅವಲೋಕನದ ಅಗತ್ಯ ಇಮ್ಮಡಿಯಾಗುತ್ತದೆ. ಇದಕ್ಕೆ ಮೈಸೂರು ನಗರವೇ ಉದಾಹರಣೆಯಾಗಬಲ್ಲದು. ನಗರದ ಈಶಾನ್ಯ ಭಾಗದ ರಾಜೀವನಗರ, ಉದಯಗಿರಿ ಮೊದಲಾದ ಬಡಾವಣೆಗಳಲ್ಲಿ ಉರ್ದು ಮನೆಮಾತಿನ ಕುಟುಂಬಗಳು ಗಣನೀಯ ಪ್ರಮಾಣದಲ್ಲಿ ನೆಲೆಸಿವೆ. ಹೆಗ್ಗಡದೇವನಕೋಟೆಯ ಮಗುವಿಗೆ ಕಾರ್ಡಿನ ಹಾಡು ತನ್ನ ಊರಿನ ಹಾಡು. ‘ಅಗಸ’, ‘ಅರಸ’ ಪದಗಳು ಕೇಳಿ ಪರಿಚಿತವಾದವು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಮತ್ತು ಉರ್ದು, ಪಾಲಕರ ಆಕಾಂಕ್ಷೆಯಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಅದೇ ಐದು ಅಕ್ಷರಗಳು ಬೇರೊಂದು ಬಗೆಯ ಸವಾಲನ್ನೊಡ್ಡುತ್ತವೆ. ಅಕ್ಷರ ಸುಲಭವಾದರೂ ಪದದ ಅರ್ಥ ಅಪರಿಚಿತವಾಗಿದ್ದರೆ ಓದು ಮತ್ತೆ ಗಿಳಿಪಾಠವಾಗುತ್ತದೆ. ಉರ್ದು ಮಾಧ್ಯಮದ ಶಾಲೆಯಲ್ಲಿ ಸಮಸ್ಯೆಯ ಸ್ವರೂಪವೇ ಭಿನ್ನ. ಅಲ್ಲಿನ ಲಿಪಿಯಲ್ಲಿ ಅಕ್ಷರಗಳು ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಬೇರೆ ಬೇರೆ ರೂಪ ತಾಳುವುದರಿಂದ ಕನ್ನಡದ ಅಕ್ಷರ ಕ್ರಮದ ತರ್ಕವನ್ನು ಅದಕ್ಕೆ ನೇರವಾಗಿ ಅನ್ವಯಿಸಲಾಗುವುದಿಲ್ಲ.

ಇಂತಹ ಸವಾಲನ್ನು ರಾಜಧಾನಿಯಲ್ಲಿ ಮುದ್ರಣಗೊಂಡ ಕಾರ್ಡು ಮುಂಗಾಣಲಾರದು. ಯಾವ ಪದ ಮಗುವಿಗೆ ತಿಳಿದಿದೆ, ಯಾವುದು ತಿಳಿದಿಲ್ಲ. ಯಾವ ಸಹಪಾಠಿ ಎರಡೂ ಭಾಷೆ ಬಲ್ಲವನಾಗಿ ಸೇತುವೆಯಾಗಬಲ್ಲನು ಎಂಬುದು ಆ ತರಗತಿಯ ಶಿಕ್ಷಕರಿಗೆ ಮಾತ್ರ ಗೋಚರವಾಗುವ ಸಂಗತಿ. ಸಹಪಾಠಿ ಬೆಂಬಲಿತ ಗುಂಪಿನ ನಿಜವಾದ ಶಕ್ತಿ ಪ್ರಕಟವಾಗುವುದು ಇಂತಹ ಬಹುಭಾಷಿಕ ಕೋಣೆಯಲ್ಲಿ. ಕೂಲಿಮಠದ ಹಿರಿಯ ಹುಡುಗನಂತೆ ಇಲ್ಲಿಯೂ ಅರ್ಥವನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವ ಮಗು ತಾನೂ ಗಟ್ಟಿಯಾಗಿ ಕಲಿಯುತ್ತದೆ. ಆದರೆ ಆ ಜೋಡಣೆಯನ್ನು ದಿನದಿನವೂ ಗಮನಿಸಿ ಬದಲಿಸುವ ಸ್ವಾತಂತ್ರ್ಯ ಶಿಕ್ಷಕರಿಗೆ ಇರಬೇಕು.

೭. ಉಪಸಂಹಾರ

ಕಳೆದ ಎರಡು ದಶಕಗಳಲ್ಲಿ ಅವಲೋಕನ ಎಂಬ ಪದ ಶಿಕ್ಷಣದ ದಾಖಲೆಗಳಲ್ಲಿ ಎಲ್ಲೆಲ್ಲೂ ಕಾಣಿಸಿಕೊಂಡಿದೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮತ್ತು ೨೦೦೯ರ ಶಿಕ್ಷಕ ಶಿಕ್ಷಣದ ಪಠ್ಯಕ್ರಮ ಚೌಕಟ್ಟು ಶಿಕ್ಷಕರನ್ನು ಚಿಂತನಶೀಲ ವೃತ್ತಿನಿರತರೆಂದು ಕಲ್ಪಿಸಿದವು. ೨೦೧೪ರ ನಿಯಮಾವಳಿಯ ಪ್ರಕಾರ ಎರಡು ವರ್ಷಗಳಿಗೆ ವಿಸ್ತರಿಸಿದ ಬಿ.ಇಡಿ. ಪದವಿಯಲ್ಲಿ ಪಠ್ಯಗಳನ್ನು ಓದಿ ಅವಲೋಕಿಸುವುದಕ್ಕೇ ಮೀಸಲಾದ ಪತ್ರಿಕೆಯೊಂದು ಸೇರಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ೫೦ ಗಂಟೆಗಳ ವೃತ್ತಿಪರ ಬೆಳವಣಿಗೆಯ ಚಟುವಟಿಕೆಗಳಲ್ಲಿ ಪಾಲ್ಗೊಳ್ಳಬೇಕೆಂದು ಹೇಳಿದೆ. ಇವೆಲ್ಲವೂ ಸ್ವಾಗತಾರ್ಹ. ಆದರೆ ಅವಲೋಕನವನ್ನು ಪತ್ರಿಕೆಯಾಗಿ, ಗಂಟೆಗಳಾಗಿ, ತುಂಬಬೇಕಾದ ನಮೂನೆಯಾಗಿ ಲೆಕ್ಕಹಾಕುವಾಗ, ಪಾಠ ಟಿಪ್ಪಣಿಯ ಚರಿತ್ರೆಯನ್ನು ನೆನಪಿಡುವುದು ಅಗತ್ಯ.

ಮೇಲಿನ ವಿವೇಚನೆಯಿಂದ ತಿಳಿದುಬರುವುದು ಇಷ್ಟು. ಇತರರ ಕಲಿಕೆಗೆ ನೆರವಾಗುವ ಕ್ರಮ ಕನ್ನಡ ನಾಡಿನಲ್ಲಿ ಹಳೆಯದು. ಕೂಲಿಮಠವೂ ಅದನ್ನು ಬಲ್ಲದಾಗಿತ್ತು. ತನ್ನ ಬೋಧನೆಯನ್ನು ಪರೀಕ್ಷಿಸುವ ಸಾಧನಗಳನ್ನು ತರಬೇತಿ ಶಾಲೆಗಳು ತಂದವು, ಆದರೆ ಅವನ್ನು ತನಿಖೆಯ ಅಧೀನಕ್ಕೆ ಒಳಪಡಿಸಿದವು. ಹೆಗ್ಗಡದೇವನಕೋಟೆಯ ಶಿಕ್ಷಕರು ೧೯೯೫ರಿಂದ ಕೆಲಕಾಲ ಈ ಎರಡು ಧಾರೆಗಳನ್ನೂ ಕೂಡಿಸಿ, ತಿದ್ದುವ ಅಧಿಕಾರದೊಂದಿಗೆ ಕೆಲಸ ಮಾಡಿದರು. ರಾಜ್ಯಕ್ಕೆ ಅವರು ಕೊಟ್ಟ ಕೊಡುಗೆಯನ್ನು ಕಾರ್ಡುಗಳ ಪೆಟ್ಟಿಗೆಯಲ್ಲಷ್ಟೇ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಆ ಕಾರ್ಡುಗಳ ಕರಡುಗಳಲ್ಲಿ, ಹೊಡೆದುಹಾಕಿ ಮತ್ತೆ ಬರೆದ ಸಾಲುಗಳಲ್ಲಿ ಇದೆ. ನಾಡಿನ ಶಿಕ್ಷಣ ಚರಿತ್ರೆಯ ಸಂಶೋಧಕರು ಅಚ್ಚಾದ ಸಾಮಗ್ರಿಯೊಡನೆ ಆ ಕರಡುಗಳನ್ನೂ, ತಾಲ್ಲೂಕು ಮಟ್ಟದ ಸಭೆಗಳ ನಡವಳಿಗಳನ್ನೂ, ಮೊದಲ ತಂಡದ ಶಿಕ್ಷಕರ ನೆನಪುಗಳನ್ನೂ ಕಲೆಹಾಕಿ ಗ್ರಂಥಾಲಯಗಳಲ್ಲಿ ಸಂರಕ್ಷಿಸಬೇಕಾಗಿದೆ. ಆ ತಲೆಮಾರಿನ ಶಿಕ್ಷಕರು ಸೇವೆಯಿಂದ ನಿವೃತ್ತರಾಗುತ್ತಿರುವ ಕಾಲ ಇದು. ಈ ಕೆಲಸವನ್ನು ಮುಂದಕ್ಕೆ ಹಾಕಲು ಇನ್ನು ಹೆಚ್ಚು ಅವಕಾಶವಿಲ್ಲ.